ಗಾಯ ಮಾಡಿದ ಕೈ ಮೊದಲು ಬೆತ್ತವನ್ನು ಕೆಳಗಿಡಲಿ

ಕಳೆದ ರಮಝಾನಿನ ಒಂದು ರಾತ್ರಿ. ತರಾವೀಹ್ ಮುಗಿದು ಜನರೆಲ್ಲ ಹೊರಟುಹೋದ ಬಳಿಕ ಹುಲಿಯೂರುದುರ್ಗದ ಯುವಕನೊಬ್ಬ ನನ್ನ ಬಳಿ ಬಂದು ಕುಳಿತ. ಬೆಂಗಳೂರಿನಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಹಬ್ಬಕ್ಕೆಂದು ಊರಿಗೆ ಬಂದಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹಝ್ರತ್, ಕುರ್‌ಆನ್ ತೆರೆದರೆ ನನ್ನ ಅಂಗೈ ಬೆವರುತ್ತದೆ. ಎದೆ ಬಿಗಿಯುತ್ತದೆ. ಎರಡು ಸಾಲು ಓದುವಷ್ಟರಲ್ಲಿ ಮುಚ್ಚಿಬಿಡುತ್ತೇನೆ. ಏನೋ ಅಸರ್ ಆಗಿದೆ ಅಂತ ಅಮ್ಮಿ ಹೇಳ್ತಾರೆ. ತಾವೀಝ್ ಕಟ್ಟಿಸಿಯೂ ಆಯ್ತು. ನೀವೇ ಏನಾದರೂ ಓದಿಕೊಳ್ಳಲು ಹೇಳಿ."

ಅವನಿಗೆ ಏಳನೆಯ ವಯಸ್ಸಿನಲ್ಲಿ ಅಲಿಫ್, ಬಾ ಕಲಿಸಿದವನು ನಾನೇ. ಆಗ ನನ್ನ ಬಲಗೈಯಲ್ಲಿ ಬೆತ್ತವಿತ್ತು. ಅವನ ಅಂಗೈ ಏಕೆ ಬೆವರುತ್ತದೆ ಎಂಬುದನ್ನು ತಿಳಿಯಲು ನಾನು ಯಾವ ಕಿತಾಬನ್ನೂ ತೆರೆದು ನೋಡಬೇಕಾಗಿರಲಿಲ್ಲ.

ಬಾಲ್ಯದಲ್ಲಿ ಆದ ಮನಸ್ಸಿನ ಗಾಯಗಳ ಕುರಿತು, ಅವುಗಳನ್ನು ಉಸಿರಾಟ, ಧ್ಯಾನ, ದಿಕ್ರ್‌ಗಳ ಮೂಲಕ ಮಾಯಿಸುವ ಕುರಿತು ಇಂದು ಎಲ್ಲೆಡೆ ಮಾತು ಕೇಳಿಬರುತ್ತಿದೆ. ನಮ್ಮ ಸಮುದಾಯದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಇದೆಲ್ಲ ಪಾಶ್ಚಾತ್ಯರ ಗೀಳು, ಈಮಾನ್ ಗಟ್ಟಿಯಿದ್ದವನಿಗೆ ಮನೋರೋಗವೆಲ್ಲಿಂದ ಬಂತು ಎಂಬುದು ಒಂದು. ನಮ್ಮ ನಮಾಝ್, ನಮ್ಮ ದಿಕ್ರ್ ಇರುವಾಗ ಬೇರೆ ಚಿಕಿತ್ಸೆ ಏತಕ್ಕೆ ಎಂಬುದು ಇನ್ನೊಂದು. ಇವೆರಡೂ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿಗಳೆಂದು ನಾನು ಹೇಳುತ್ತೇನೆ. ಆ ಪ್ರಶ್ನೆ ಇದು: ಗಾಯ ಮಾಡಿದವರು ಯಾರು?

ಮೊದಲು ಗಾಯ ಹೇಗಾಗುತ್ತದೆ ಎಂಬುದನ್ನು ನೋಡೋಣ. ಮಗು ಹೆದರಿದಾಗ ಅದರ ದೇಹ ಆತ್ಮರಕ್ಷಣೆಗೆ ಸಿದ್ಧವಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಸ್ರಾವಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡತೊಡಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಅಲ್ಲಾಹನು ಕೊಟ್ಟ ಅನುಗ್ರಹ. ಆದರೆ ಪ್ರತಿದಿನ ಬೆಳಿಗ್ಗೆ ಅದೇ ಚಾಪೆಯ ಮೇಲೆ, ಅದೇ ದನಿಯ ಮುಂದೆ, ಅದೇ ಗ್ರಂಥವನ್ನು ತೆರೆದಿಟ್ಟುಕೊಂಡು ಮಗು ಹೀಗೆ ಹೆದರಿದರೆ, ಚಾಪೆಯನ್ನೂ ದನಿಯನ್ನೂ ಗ್ರಂಥವನ್ನೂ ಅಪಾಯವೆಂದೇ ಅದರ ದೇಹ ಕಲಿತುಕೊಳ್ಳುತ್ತದೆ. ಮನಸ್ಸು ಮರೆತ ಮೇಲೂ ದೇಹ ಆ ಪಾಠವನ್ನು ಒಪ್ಪಿಸುತ್ತಲೇ ಇರುತ್ತದೆ.

ಇದು ಕೇವಲ ಊಹೆಯ ಮಾತಲ್ಲ. ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಂದು ಜಗತ್ಪ್ರಸಿದ್ಧ. ಬಾಲ್ಯದಲ್ಲಿ ಹೊಡೆತ, ಅವಮಾನ, ನಿರ್ಲಕ್ಷ್ಯ, ಮನೆಯೊಳಗಿನ ಹಿಂಸೆಗಳನ್ನು ಹೆಚ್ಚು ಕಂಡವರಲ್ಲಿ ಮುಂದೆ ಖಿನ್ನತೆ, ಮದ್ಯವ್ಯಸನ, ಆತ್ಮಹತ್ಯಾ ಪ್ರಯತ್ನ, ಅಷ್ಟೇಕೆ ಹೃದ್ರೋಗದ ಪ್ರಮಾಣವೂ ಹೆಚ್ಚಾಗಿರುವುದನ್ನು ಅದು ತೋರಿಸಿತು. ನಮ್ಮ ದೇಶದ ಮಾತೇನು? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ವರದಿ ನೀಡಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನೂ, ಇಬ್ಬರಲ್ಲಿ ಒಬ್ಬರು ಭಾವನಾತ್ಮಕ ಹಿಂಸೆಯನ್ನೂ ಅನುಭವಿಸಿದ್ದರು. ಆದ್ದರಿಂದ ಇದು ಮದ್ರಸಾದ ರೋಗ ಮಾತ್ರ ಎಂದು ಯಾರೂ ಬೆರಳು ತೋರಿಸಬೇಕಾಗಿಲ್ಲ. ದಂಡಂ ದಶಗುಣಂ ಎಂದು ನಂಬಿದ ನಾಡು ನಮ್ಮದು. ಆದರೆ ನೆರೆಮನೆಯಲ್ಲೂ ಕೊಳೆಯಿದೆ ಎಂದು ನಮ್ಮ ಅಂಗಳವನ್ನು ಗುಡಿಸದೆ ಬಿಡಲಾಗದು. ನಾನು ಉಸ್ತಾದ್, ನನ್ನ ಅಂಗಳದ ಮಾತನ್ನೇ ಆಡುತ್ತೇನೆ.

ಇನ್ನು ಚಿಕಿತ್ಸೆಯ ಮಾತು. ನಿಧಾನವಾದ ಉಸಿರು, ಅದರಲ್ಲೂ ದೀರ್ಘವಾಗಿ ಹೊರಬಿಡುವ ಉಸಿರು, ವೇಗಸ್ ಎಂಬ ನರದ ಮೂಲಕ ಎದೆಬಡಿತವನ್ನು ತಗ್ಗಿಸಿ ದೇಹಕ್ಕೆ ಅಪಾಯ ಕಳೆಯಿತೆಂಬ ಸಂದೇಶ ಕೊಡುತ್ತದೆ. ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕರವಾಗಿದೆ. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ, ಯೋಗದ ಮಂತ್ರವಾಗಲಿ, ಎರಡೂ ಹೇಳುವವರ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿ ಹೃದಯದ ಲಯವನ್ನು ಹದಗೊಳಿಸುತ್ತಿದ್ದವು. ಇದನ್ನು ಓದಿದಾಗ ನನಗೆ ತಜ್ವೀದ್ ನೆನಪಾಯಿತು. ಮದ್ದ್ ಇರುವಲ್ಲಿ ಎಳೆಯುವುದು, ವಕ್ಫ್ ಇರುವಲ್ಲಿ ನಿಲ್ಲುವುದು, ಒಂದೇ ಉಸಿರಿನಲ್ಲಿ ಆಯತನ್ನು ಮುಗಿಸಿ ಮತ್ತೆ ಉಸಿರೆಳೆದುಕೊಳ್ಳುವುದು. ಇದು ಉಸಿರಿನ ಸಾಧನೆಯಲ್ಲದೆ ಮತ್ತೇನು? ಪ್ರವಾದಿವರ್ಯರ(ಸ) ಪಾರಾಯಣ ಎಳೆದೆಳೆದು ಇರುತ್ತಿತ್ತೆಂದು ಹಝ್ರತ್ ಅನಸ್(ರ) ತಿಳಿಸಿದ್ದಾರೆ. ಮುಖಕ್ಕೆ ತಣ್ಣೀರು ಸೋಕುವ ವುಝೂ, ಬೆನ್ನು ಬಾಗುವ ರುಕೂಅ್, ಹಣೆ ನೆಲಕ್ಕೆ ತಾಗುವ ಸುಜೂದ್, ಹೆಗಲಿಗೆ ಹೆಗಲು ತಾಗುವ ಸಫ್, ಇವೆಲ್ಲ ಮನಸ್ಸನ್ನೂ ದೇಹವನ್ನೂ ಒಂದುಗೂಡಿಸುವ ಇಬಾದತ್‌ಗಳು. ಆರೋಗ್ಯದ ಲಾಭಕ್ಕಾಗಿ ನಾವು ಅವುಗಳನ್ನು ಮಾಡುವುದಿಲ್ಲ, ಅಲ್ಲಾಹನ ಆಜ್ಞೆಯೆಂದು ಮಾಡುತ್ತೇವೆ. ಆದರೂ ದಿಕ್ರ್‌ನಿಂದ ಹೃದಯಗಳಿಗೆ ನೆಮ್ಮದಿ ದೊರೆಯುವುದೆಂಬ ಅಲ್ಲಾಹನ ವಾಗ್ದಾನ ಸೂರಃ ಅರ್‍ರಅ್‌ದ್‌ನಲ್ಲಿದೆ.

ಹಾಗಿದ್ದಲ್ಲಿ ನನ್ನ ಬಳಿ ಬಂದ ಯುವಕನಿಗೆ ಆ ನೆಮ್ಮದಿ ಏಕೆ ದೊರೆಯಲಿಲ್ಲ? ಏಕೆಂದರೆ ಔಷಧದ ಬಟ್ಟಲಿಗೇ ನಾವು ಭಯವನ್ನು ಬೆರೆಸಿದೆವು. ಯಾವ ಪಾರಾಯಣ ಅವನ ಉಸಿರನ್ನು ತಣಿಸಬೇಕಿತ್ತೋ ಅದೇ ಪಾರಾಯಣದ ನಡುವೆ, ಒಂದು ಸ್ವಾದ್ ಅಕ್ಷರ ಸೀನ್ ಆಗಿ ಹೊರಟಿತೆಂಬ ಕಾರಣಕ್ಕೆ, ಅವನ ಬೆನ್ನ ಮೇಲೆ ಬೆತ್ತ ಬಿತ್ತು. ಈ ಸಂಕಟವನ್ನು ನಮ್ಮ ವಿದ್ವಾಂಸರು ಇನ್ನೂ ಸರಿಯಾಗಿ ಯೋಚಿಸಿಲ್ಲ. ಶಾಲೆಯಲ್ಲಿ ಗಣಿತದ ಮೇಷ್ಟರಿಂದ ಏಟು ತಿಂದವನು ಗಣಿತವನ್ನು ಬಿಟ್ಟು ಬದುಕಬಲ್ಲ. ಕುರ್‌ಆನಿನ ಮುಂದೆ ಏಟು ತಿಂದವನು ಎಲ್ಲಿಗೆ ಹೋಗಬೇಕು? ಅವನಿಗೆ ದಿಕ್ರ್ ಹೆಚ್ಚಿಸು ಎಂದು ಹೇಳುವುದು ಸುಟ್ಟ ಕೈಗೆ ಮತ್ತೆ ಬೆಂಕಿ ಕಾಯಿಸಿಕೋ ಎಂದು ಹೇಳಿದಂತೆ.

ಇಲ್ಲಿ ಪ್ರವಾದಿವರ್ಯರ(ಸ) ಒಂದು ಬೋಧನೆಯನ್ನು ಗಮನಿಸಬೇಕು. ಕೋಪ ಬಂದವನು ನಿಂತಿದ್ದರೆ ಕುಳಿತುಕೊಳ್ಳಲಿ, ಆಗಲೂ ಕೋಪ ಇಳಿಯದಿದ್ದರೆ ಮಲಗಲಿ ಎಂದು ಅವರು ಕಲಿಸಿದರು. ಅಬೂದಾವೂದ್‌ನಲ್ಲಿ ಇದು ವರದಿಯಾಗಿದೆ. ದೇಹದ ಭಂಗಿಯನ್ನು ಬದಲಿಸಿ ಮನಸ್ಸನ್ನು ಹಿಡಿತಕ್ಕೆ ತರುವ ಸಾಧನೆಯಿದು. ಇದನ್ನು ಕಲಿಸಿದ್ದು ಯಾರಿಗೆ? ಕೋಪಗೊಂಡವನಿಗೆ. ನಾವೋ, ಏಟು ತಿಂದ ಮಗು ದೊಡ್ಡದಾದ ಮೇಲೆ ಕಣ್ಣು ಮುಚ್ಚಿ ಉಸಿರು ಎಳೆದು ಬಿಡಲಿ ಎಂದು ಬಯಸುತ್ತೇವೆ. ಎತ್ತಿದ ಕೈಯವನು ಕುಳಿತುಕೊಳ್ಳಲಿ ಎಂದು ಯಾರೂ ಹೇಳುವುದಿಲ್ಲ. ಮನೋದೈಹಿಕ ಚಿಕಿತ್ಸೆಯ ಮೊದಲ ರೋಗಿ ನಾನು, ನೀವು, ಬೆತ್ತ ಹಿಡಿದ ಉಸ್ತಾದ್, ಬೆಲ್ಟ್ ಬಿಚ್ಚಿದ ತಂದೆ, ತಂಗಿಯ ಮಕ್ಕಳೊಂದಿಗೆ ಹೋಲಿಸಿ ಹಂಗಿಸುವ ತಾಯಿ.

ಈ ಮಾತಿಗೆ ಬರುವ ಆಕ್ಷೇಪಗಳು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ನಾನೇ ಅವುಗಳನ್ನು ಹೇಳಿದ್ದೇನೆ.

ಉಸ್ತಾದರ ಏಟು ಬಿದ್ದ ಜಾಗಕ್ಕೆ ನರಕದ ಬೆಂಕಿ ತಾಗುವುದಿಲ್ಲ ಎನ್ನುತ್ತಾರೆ. ಮಗುವನ್ನು ಮದ್ರಸಾಕ್ಕೆ ಬಿಡುವಾಗ ಮಾಂಸ ನಿಮ್ಮದು, ಮೂಳೆ ನಮ್ಮದು ಎನ್ನುತ್ತಾರೆ. ಇವು ಜನರ ಬಾಯಿಮಾತುಗಳು; ಪ್ರವಾದಿವಚನಗಳಲ್ಲ. ಪ್ರವಾದಿವರ್ಯರು(ಸ) ಅಲ್ಲಾಹನ ಮಾರ್ಗದ ಹೋರಾಟದಲ್ಲಲ್ಲದೆ ಯಾರಿಗೂ, ಒಬ್ಬ ಸ್ತ್ರೀಗಾಗಲಿ ಸೇವಕನಿಗಾಗಲಿ, ಕೈಯೆತ್ತಿ ಹೊಡೆದವರಲ್ಲ ಎಂದು ಹಝ್ರತ್ ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ. ಬಾಲಕನಾಗಿದ್ದಾಗಿನಿಂದ ಹತ್ತು ವರ್ಷ ಸೇವೆ ಮಾಡಿದ ಅನಸ್(ರ) ಅವರು ಒಂದು ಛೀ ಎಂಬ ಮಾತನ್ನೂ ಕೇಳಲಿಲ್ಲ. ಸಾಕಿದ ಪುಟ್ಟ ಹಕ್ಕಿ ಸತ್ತಿತೆಂದು ಕೊರಗುತ್ತಿದ್ದ ಮಗು ಅಬೂ ಉಮೈರ್‌ನೊಂದಿಗೆ ಆ ಹಕ್ಕಿಯ ಹೆಸರೆತ್ತಿ ಮಾತನಾಡಿದ ಪ್ರವಾದಿ ನಮ್ಮವರು(ಸ). ಒಂದು ಹಕ್ಕಿಯ ಸಾವಿನಿಂದ ಮಗುವಿನ ಮನಸ್ಸಿಗಾದ ಗಾಯವನ್ನು ಅಲ್ಲಾಹನ ದೂತರು(ಸ) ವಿಚಾರಿಸಿಕೊಂಡರು. ನಾವೇ ಮಾಡಿದ ಗಾಯವನ್ನು ವಿಚಾರಿಸಲು ನಮಗೆ ಸಮಯವಿಲ್ಲ.

ಹತ್ತನೆಯ ವಯಸ್ಸಿಗೆ ನಮಾಝ್‌ಗಾಗಿ ಹೊಡೆಯಿರೆಂಬ ಹದೀಸ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಅದನ್ನು ಪೂರ್ತಿ ಓದಬೇಕು. ಏಳನೆಯ ವಯಸ್ಸಿನಲ್ಲಿ ನಮಾಝ್‌ಗೆ ಆದೇಶಿಸಬೇಕೆಂಬುದು ಅದರ ಮೊದಲ ಭಾಗ. ಏಳರಿಂದ ಹತ್ತಕ್ಕೆ ಮೂರು ವರ್ಷ. ದಿನಕ್ಕೆ ಐದರಂತೆ ಐದು ಸಾವಿರಕ್ಕೂ ಹೆಚ್ಚು ಬಾರಿ ಬರಿಯ ಮಾತಿನಿಂದ ಕರೆಯಬೇಕು. ಆ ಐದು ಸಾವಿರ ಕರೆಗಳನ್ನು ನಮ್ಮಲ್ಲಿ ಎಷ್ಟು ಜನ ಕರೆದಿದ್ದೇವೆ? ಆಮೇಲೂ ಫುಕಹಾಗಳು ಬೇಲಿ ಕಟ್ಟಿದರು. ಹನಫೀ ಗ್ರಂಥಗಳು ಕೈಯಿಂದ ಮಾತ್ರ, ಕೋಲಿನಿಂದಲ್ಲ, ಮೂರಕ್ಕಿಂತ ಹೆಚ್ಚಲ್ಲ ಎಂದವು. ಮಾಲಿಕೀ ವಿದ್ವಾಂಸ ಇಬ್ನ್ ಅಬೀ ಝೈದ್ ಕೂಡ ಮೂರರ ಮಿತಿಯನ್ನೇ ಹಾಕಿದರು. ಆರು ವರ್ಷದ ಮಗುವಿಗೆ ಉಚ್ಚಾರದ ತಪ್ಪಿಗಾಗಿ ಬೆತ್ತದಿಂದ ಹೊಡೆಯಲು ಈ ಹದೀಸನ್ನು ಹಿಡಿದುಕೊಳ್ಳುವವನು ಹದೀಸಿಗೂ ಅನ್ಯಾಯ ಮಾಡುತ್ತಾನೆ.

ನಾವೂ ಏಟು ತಿಂದೆವು, ನಮಗೇನಾಯಿತು ಎಂಬುದು ಮೂರನೆಯ ಆಕ್ಷೇಪ. ಏನಾಯಿತೆಂದರೆ, ನಾವು ಹೊಡೆಯುವವರಾದೆವು. ನನ್ನ ಉಸ್ತಾದರು ನನಗೆ ಹೊಡೆದ ರೀತಿಯಲ್ಲೇ, ಅದೇ ಬೈಗುಳದೊಂದಿಗೆ, ನಾನು ಹೊಡೆದೆ. ಆರು ಶತಮಾನಗಳ ಹಿಂದೆಯೇ ಇಬ್ನ್ ಖಲ್ದೂನ್ (1332–1406) ತಮ್ಮ ಮುಕದ್ದಿಮಾದಲ್ಲಿ ಇದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಕಠೋರತೆಯಲ್ಲಿ ಬೆಳೆದ ಮಗುವಿನ ಮನಸ್ಸು ಮುದುಡುತ್ತದೆ, ಉಲ್ಲಾಸ ಬತ್ತುತ್ತದೆ, ಏಟು ತಪ್ಪಿಸಿಕೊಳ್ಳಲು ಅದು ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ, ಕಡೆಗೆ ಅದೇ ಅದರ ಸ್ವಭಾವವಾಗುತ್ತದೆ ಎಂಬುದು ಅವರ ವಾದದ ಸಾರ. ಇದನ್ನು ಪಾಶ್ಚಾತ್ಯರ ಗೀಳೆನ್ನುವವರು ಟ್ಯೂನಿಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ಖಾಝಿಯಾಗಿದ್ದ ಆ ವಿದ್ವಾಂಸರಿಗೆ ಏನೆನ್ನುತ್ತಾರೆ? ಅವರಿಗಿಂತಲೂ ಸುಮಾರು ಐದು ಶತಮಾನಗಳ ಹಿಂದೆ ಬದುಕಿದ್ದ ಬಲ್ಖ್‌ನ ಅಬೂ ಝೈದ್ ಅಲ್‌ಬಲ್ಖೀ, ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಒಟ್ಟಿಗೆ ಚರ್ಚಿಸುವ ಗ್ರಂಥ ಬರೆದು, ಒಂದು ನೊಂದರೆ ಇನ್ನೊಂದೂ ನೋಯುತ್ತದೆಂದು ವಿವರಿಸಿದ್ದರು. ಭಯ, ಕೋಪ, ದುಃಖಗಳಿಗೆ ಚಿಕಿತ್ಸೆಯಿದೆ ಎಂದು ಹೇಳಲು ಅವರ ಈಮಾನ್ ಅಡ್ಡಬರಲಿಲ್ಲ.

ಕಡೆಯದಾಗಿ ಸಬ್ರ್‌ನ ಉಪದೇಶ. ನೊಂದವರು ಬಾಯಿ ತೆರೆದೊಡನೆ ಸಬ್ರ್ ಮಾಡು, ಕ್ಷಮಿಸಿಬಿಡು ಎನ್ನುತ್ತೇವೆ. ಸೂರಃ ಯೂಸುಫನ್ನು ನಾವು ಕಣ್ಣು ತೆರೆದು ಓದಿದ್ದೇವೆಯೇ? ಬಾಲ್ಯದ ಗಾಯಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಸ್ವಂತ ಅಣ್ಣಂದಿರೇ ಬಾವಿಗೆ ತಳ್ಳಿದ ಬಾಲಕ. ಸುಂದರ ಸಹನೆಯ ಮಾತಾಡಿದ ಪ್ರವಾದಿ ಯಅ್‌ಕೂಬ್(ಅ) ಅವರ ಕಣ್ಣುಗಳೇ ದುಃಖದಿಂದ ಬೆಳ್ಳಗಾದವೆಂದು ಅದೇ ಸೂರಃ ಹೇಳುತ್ತದೆ. ಆದ್ದರಿಂದ ಸಬ್ರ್ ಎಂದರೆ ಅಳದಿರುವುದಲ್ಲ. ಇನ್ನು ಕ್ಷಮೆ: ಇಂದು ನಿಮ್ಮ ಮೇಲೆ ಯಾವ ಆಕ್ಷೇಪವೂ ಇಲ್ಲವೆಂದು ಪ್ರವಾದಿ ಯೂಸುಫ್(ಅ) ಹೇಳಿದ್ದು 92ನೆಯ ಆಯತಿನಲ್ಲಿ. ಅದಕ್ಕೆ ಮೊದಲಿನ 91ನೆಯ ಆಯತಿನಲ್ಲಿ ಅಣ್ಣಂದಿರು ತಾವು ತಪ್ಪಿತಸ್ಥರೆಂದು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ. ನಾವು 91ನ್ನು ಹಾರಿಸಿ 92ನ್ನು ಮಾತ್ರ ನೊಂದವರ ಕೈಗೆ ಕೊಡುತ್ತೇವೆ. ತಪ್ಪೊಪ್ಪಿಗೆಯಿಲ್ಲದೆಯೂ ಕ್ಷಮಿಸುವ ದೊಡ್ಡ ಮನಸ್ಸು ಕೆಲವರಿಗಿರಬಹುದು. ಆದರೆ ಅದನ್ನು ಕೇಳಿ ಪಡೆಯುವ ಹಕ್ಕು ತಪ್ಪು ಒಪ್ಪಿಕೊಳ್ಳದವನಿಗಿಲ್ಲ.

ಈ ಶೂನ್ಯದಲ್ಲೇ ಎರಡು ವ್ಯಾಪಾರಗಳು ಬೆಳೆಯುತ್ತವೆ. ಅಸರ್ ತೆಗೆಯುತ್ತೇನೆಂದು ಹಣ ಕೀಳುವವರದು ಒಂದು. ಎರಡು ದಿನದಲ್ಲಿ ನಿಮ್ಮ ಒಳಗಿನ ಮಗುವನ್ನು ಗುಣಪಡಿಸುತ್ತೇವೆಂದು ಮೊಬೈಲಿನಲ್ಲಿ ಜಾಹೀರಾತು ಕೊಡುವ ಉಸಿರಾಟದ ಶಿಬಿರಗಳದು ಇನ್ನೊಂದು. ತೊಂದರೆ ನೊಂದವನೊಳಗೇ ಇದೆ, ಅವನನ್ನು ಸರಿಪಡಿಸಿದರೆ ಸಾಕು ಎಂಬುದರಲ್ಲಿ ಇಬ್ಬರೂ ಒಂದೇ. ಉಸಿರಾಟದ ಸಾಧನೆ ಒಳ್ಳೆಯದೇ. ಆದರೆ ಆಳವಾದ ಆಘಾತ ಉಂಡವರಲ್ಲಿ ಕೆಲವರಿಗೆ ಕಣ್ಣು ಮುಚ್ಚಿ ಉಸಿರನ್ನೇ ಗಮನಿಸುವಾಗ ಹಳೆಯ ಭಯ ಮರುಕಳಿಸುತ್ತದೆ. ಅಂಥವರಿಗೆ ಬಲ್ಲವರ ನೆರವು ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ರೂಪುಗೊಂಡದ್ದು ನಮ್ಮದೇ ಬಳ್ಳಾರಿಯಲ್ಲಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ಜ್ವರಕ್ಕೆ ಮಾತ್ರೆ ನುಂಗುವುದು ತವಕ್ಕುಲ್‌ಗೆ ವಿರುದ್ಧವಲ್ಲವಾದರೆ ಇದೂ ಅಲ್ಲ.

ಕಾನೂನಿನ ವಿಷಯದಲ್ಲೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2012ರ ತಿದ್ದುಪಡಿ ಮದ್ರಸಾ, ವೇದಪಾಠಶಾಲೆಗಳನ್ನು ಆ ಕಾಯಿದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯ ಉಳಿಯಿತೆಂದು ನಾವು ಸಂತೋಷಪಟ್ಟೆವು, ಸರಿಯೇ. ಆದರೆ ಆ ಸ್ವಾತಂತ್ರ್ಯ ಮಗುವಿನ ಬೆನ್ನಿನ ಮೇಲಿನ ಸ್ವಾತಂತ್ರ್ಯವಲ್ಲ. ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ನಡೆಸುವುದು 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮಿನಡಿ ಅಪರಾಧವಾಗಿಯೇ ಇದೆ. ಯಾವ ಕಾಯಿದೆ ಬಿಟ್ಟರೂ ದೀನ್ ಬಿಡುವುದಿಲ್ಲ. ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ, ಒಬ್ಬನನ್ನು ಹೊಡೆದದ್ದಕ್ಕೆ, ಇನ್ನೊಬ್ಬನನ್ನು ಬೈದದ್ದಕ್ಕೆ ಪುಣ್ಯವೆಲ್ಲ ಹಂಚಿಹೋಗಿ ಅಂತ್ಯದಿನ ದಿವಾಳಿಯಾಗುವ ವ್ಯಕ್ತಿಯ ಕುರಿತು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಹದೀಸನ್ನು ಪಾಠ ಮಾಡುವಾಗಲೂ ನನ್ನ ಪಕ್ಕದಲ್ಲಿ ಬೆತ್ತವಿತ್ತು.

ಆದ್ದರಿಂದ ಜಮಾಅತ್‌ಗಳ ಹೊಣೆಗಾರರಲ್ಲಿ ನನ್ನ ಬೇಡಿಕೆಗಳು ಸರಳವಾಗಿವೆ. ಮದ್ರಸಾದೊಳಗೆ ಬೆತ್ತ ಇರಕೂಡದೆಂದು ಲಿಖಿತ ತೀರ್ಮಾನ ಮಾಡಿ ಬಾಗಿಲಲ್ಲಿ ಅಂಟಿಸಿ. ಕೆಳಗೆ ಮಕ್ಕಳ ಸಹಾಯವಾಣಿ 1098 ಎಂದು ಬರೆಯಿರಿ. ಅರವತ್ತು ಮಕ್ಕಳನ್ನು ಒಬ್ಬ ಉಸ್ತಾದನ ಮುಂದೆ ಕೂರಿಸಿ, ಅಲ್ಪ ಸಂಬಳ ಕೊಟ್ಟು, ತಾಳ್ಮೆಯನ್ನು ನಿರೀಕ್ಷಿಸಬೇಡಿ. ದಣಿದವನ ಕೈ ಬೇಗ ಮೇಲೇಳುತ್ತದೆ. ಪಾಠಕ್ಕೆ ಮುಂಚೆ ಉಸ್ತಾದರೂ ಮಕ್ಕಳೂ ಎರಡು ನಿಮಿಷ ಸುಮ್ಮನೆ ಕುಳಿತು ನಿಧಾನವಾಗಿ ಉಸಿರಾಡಿ, ಒಂದು ಆಯತನ್ನು ಎಳೆದು ಓದಿ ಆರಂಭಿಸಲಿ. ತಪ್ಪು ಓದಿದ ಮಗುವಿಗೆ ಮತ್ತೊಮ್ಮೆ ಓದು ಎನ್ನುವುದಷ್ಟೇ ಶಿಕ್ಷೆಯಾಗಲಿ. ಹಿಂದೆ ಹೊಡೆದವರು, ಏಟು ತಿಂದವರ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳಲಿ. ಮನುಷ್ಯರಿಗೆ ಮಾಡಿದ ಅನ್ಯಾಯಕ್ಕೆ ಬರೀ ಇಸ್ತಿಗ್‌ಫಾರ್ ಸಾಲದೆಂದು ಮಕ್ಕಳಿಗೆ ಕಲಿಸಿದವರು ನಾವೇ ತಾನೇ?

ಸಹಾಬಿ ಅಬೂ ಮಸ್‌ಊದ್(ರ) ತಮ್ಮ ಗುಲಾಮನನ್ನು ಚಾಟಿಯಿಂದ ಹೊಡೆಯುತ್ತಿದ್ದಾಗ ಹಿಂದಿನಿಂದ ಪ್ರವಾದಿವರ್ಯರ(ಸ) ದನಿ ಕೇಳಿಸಿತು: ಈತನ ಮೇಲೆ ನಿನಗಿರುವುದಕ್ಕಿಂತ ಹೆಚ್ಚಿನ ಸಾಮರ್ಥ್ಯ ನಿನ್ನ ಮೇಲೆ ಅಲ್ಲಾಹನಿಗಿದೆ ಎಂಬ ಅರ್ಥದ ಎಚ್ಚರಿಕೆ. ಚಾಟಿ ಅವರ ಕೈಯಿಂದ ಜಾರಿ ಬಿತ್ತು. ಅವರು ಆ ಗುಲಾಮನನ್ನು ಆಗಲೇ ಬಿಡುಗಡೆ ಮಾಡಿದರು. ಮೊದಲು ಚಾಟಿ ಬಿತ್ತು, ಆಮೇಲೆ ಪ್ರಾಯಶ್ಚಿತ್ತವಾಯಿತು. ಈ ಕ್ರಮವನ್ನು ಬದಲಿಸಲು ಬರುವುದಿಲ್ಲ.

ಆ ರಾತ್ರಿ ನಾನು ಯುವಕನಿಗೆ ಯಾವ ವಝೀಫಾವನ್ನೂ ಕೊಡಲಿಲ್ಲ. "ಬೇಟಾ, ನಿನಗೆ ಯಾವ ಅಸರ್ ಕೂಡ ಇಲ್ಲ. ಅದು ನನ್ನ ಬೆತ್ತ. ನಾನು ತಪ್ಪು ಮಾಡಿದೆ, ನನ್ನನ್ನು ಕ್ಷಮಿಸು" ಎಂದೆ. ಅವನು ಗಾಬರಿಯಾಗಿ "ಅಯ್ಯೋ, ಪರವಾಗಿಲ್ಲ ಹಝ್ರತ್" ಎಂದ. ಅದು ಕೂಡ ನಾನು ಕಲಿಸಿದ ಭಯವೇ ಎಂದು ನನಗೆ ಅನ್ನಿಸಿತು. "ಈಗಲೇ ಹೇಳಬೇಡ. ಮನಸ್ಸು ಒಪ್ಪಿದ ದಿನ ಹೇಳು. ಒಪ್ಪದಿದ್ದರೆ ಅದು ನಿನ್ನ ಹಕ್ಕು" ಎಂದು 14416ನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮೊನ್ನೆ ಫೋನ್ ಮಾಡಿದ್ದ. ಕೆಲಸ ಮುಗಿಸಿ ಕೋಣೆಗೆ ಬಂದ ಮೇಲೆ ಸೂರಃ ಅದ್ದುಹಾವನ್ನು ಮೊಬೈಲಿನಲ್ಲಿ ಕೇಳಿಸಿಕೊಳ್ಳುತ್ತಾನಂತೆ. ಅನಾಥನಾಗಿದ್ದ ತನ್ನ ಪ್ರವಾದಿಗೆ(ಸ) ಆಸರೆ ಕೊಟ್ಟದ್ದನ್ನು ಅಲ್ಲಾಹನು ನೆನಪಿಸುವ ಸೂರಃ ಅದು. ಮುಸ್‌ಹಫನ್ನು ಇನ್ನೂ ತೆರೆದಿಲ್ಲವೆಂದ. ಕ್ಷಮಿಸಿದ್ದೇನೆಂದೂ ಹೇಳಲಿಲ್ಲ. ನಾನು ಕಾಯುತ್ತೇನೆ.

ನಮ್ಮ ಕೈಗಳಿಂದ ಮಕ್ಕಳಿಗಾದ ಗಾಯಗಳನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆ ಮಕ್ಕಳ ಹೃದಯಗಳಿಗೆ ತನ್ನ ಕುರ್‌ಆನನ್ನು ಮತ್ತೆ ವಸಂತವಾಗಿಸಲಿ. ಆಮೀನ್.